ಪಾಲಿನ ಕುದುರೆ

ಕಳೆದ ಯುಗಾದಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಕೈತುಂಬ ಸಂಬಳ. ಒಬ್ಬಟ್ಟು ತಿಂದು ಕಾಫಿ ಕುಡಿದ ಮೇಲೆ ಸ್ವಲ್ಪ ಸಂಕೋಚದಿಂದಲೇ, "ಸಾರ್, ನಾವು ಹತ್ತು ಜನ ಸ್ನೇಹಿತರು ಸೇರಿ ಒಂದು ರೇಸಿನ ಕುದುರೆ ಕೊಂಡುಕೊಳ್ಳೋಣ ಅಂತಿದ್ದೀವಿ. ಒಬ್ಬೊಬ್ಬರದೂ ಒಂದೊಂದು ಪಾಲು. ನೀವೇನು ಹೇಳುತ್ತೀರಿ?" ಎಂದ.

ಹಳಗನ್ನಡ ಪಾಠ ಹೇಳುವವನನ್ನು ಕೇಳತಕ್ಕ ಪ್ರಶ್ನೆಯೇ ಇದು? ಮೈಸೂರಿನಲ್ಲಿ ಇಷ್ಟು ವರ್ಷ ಇದ್ದು, ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್‌ಕೋರ್ಸನ್ನು ದಿನವೂ ಹಾದುಹೋಗುತ್ತಿದ್ದರೂ, ನಾನು ಒಂದು ಕುದುರೆಯ ಮೇಲೂ ಒಂದು ರೂಪಾಯಿ ಕಟ್ಟಿದವನಲ್ಲ. ಆದರೂ ಹುಡುಗನ ಮಾತನ್ನು ನಕ್ಕು ತಳ್ಳಿಹಾಕಲು ಮನಸ್ಸಾಗಲಿಲ್ಲ. "ಯೋಚನೆ ಮಾಡಿ ಹೇಳುತ್ತೇನೆ ಕಣಪ್ಪ" ಎಂದು ಕಳುಹಿಸಿಕೊಟ್ಟೆ. ಕಾರಣವಿಷ್ಟೆ: ಅವನು 'ಪಾಲು' ಎಂದೊಡನೆ ನನ್ನ ಕಣ್ಣಿಗೆ ಕಂಡದ್ದು ಕುದುರೆಯಲ್ಲ, ಒಂದು ಎತ್ತು.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ನನಗೆ ಒಂಬತ್ತೋ ಹತ್ತೋ ವರ್ಷವಾಗಿದ್ದಾಗ ನಮ್ಮ ತಂದೆಗೂ ದೊಡ್ಡಪ್ಪನಿಗೂ ಹಿಸ್ಸೆಯಾಯಿತು. ಹೊಲ, ಗದ್ದೆ, ಪಾತ್ರೆ ಪದಾರ್ಥ ಎಲ್ಲವೂ ಎರಡಾದವು. ಇದ್ದ ಒಂದು ಜೊತೆ ಎತ್ತನ್ನು ಮಾತ್ರ ಬೇರ್ಪಡಿಸಲು ಯಾರಿಗೂ ಮನಸ್ಸು ಬರಲಿಲ್ಲ. ಒಂಟಿ ಎತ್ತು ಕಟ್ಟಿಕೊಂಡು ಉಳುವುದಾದರೂ ಹೇಗೆ? "ಎರಡೂ ಮನೆಗೂ ಸೇರಿದ್ದು" ಎಂದು ಪಂಚಾಯಿತರು ತೀರ್ಮಾನ ಮಾಡಿದರು. ಒಂದು ವಾರ ನಮ್ಮ ಕೊಟ್ಟಿಗೆ, ಒಂದು ವಾರ ಅವರ ಕೊಟ್ಟಿಗೆ. ಎರಡು ಮುಂಗಾರು ಹೀಗೆಯೇ ಸುಖವಾಗಿ ಕಳೆಯಿತು. ಮೂರನೆಯ ವರ್ಷ ಒಂದು ಸಂಜೆ ಕೆಂದ ಎಂಬ ಎತ್ತು ಎಲ್ಲೋ ಹಸಿ ಜೋಳದ ಪೈರಿಗೆ ಬಾಯಿ ಹಾಕಿ ಬಂದು ಹೊಟ್ಟೆಯುಬ್ಬರಿಸಿಕೊಂಡು ನಿಂತಿತು. ಅಂದು ಭಾನುವಾರ, ಕೊಟ್ಟಿಗೆ ಬದಲಾಗತಕ್ಕ ದಿನ. ದೊಡ್ಡಪ್ಪ ಡಾಕ್ಟರಿಗೆ ಹೇಳಿಕಳುಹಿಸಿರುತ್ತಾನೆ ಎಂದು ನಮ್ಮ ತಂದೆ. ತಮ್ಮ ಹೇಳಿಕಳುಹಿಸಿರುತ್ತಾನೆ ಎಂದು ದೊಡ್ಡಪ್ಪ. ಬೆಳಗಾಗುವ ಹೊತ್ತಿಗೆ ಕೆಂದ ಕಾಲು ಚಾಚಿ ಮಲಗಿತ್ತು. ಇಬ್ಬರೂ ಕೆಟ್ಟವರಲ್ಲ, ಇಬ್ಬರೂ ಅತ್ತರು. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎಂಬ ಗಾದೆಯಿದೆ. ಇಬ್ಬರೇ ಸೇರಿದ ಕಡೆ ಎತ್ತು ಉಳಿಯಲಿಲ್ಲ.

ಇದಿಷ್ಟು ಪೀಠಿಕೆ. ಹುಡುಗನಿಗೆ ಉತ್ತರ ಕೊಡಬೇಕೆಂದು ನಾನು ಪಾಲಿನ ಕುದುರೆಗಳ ಚರಿತ್ರೆಯನ್ನು ಹುಡುಕಿಕೊಂಡು ಹೋದೆ. ಬೇಸಗೆಯ ರಜೆ ಪೂರ್ತಿ ಅದರಲ್ಲಿಯೇ ಕಳೆಯಿತು. ಕಂಡದ್ದನ್ನು ವಾಚಕರ ಮುಂದಿಡುತ್ತೇನೆ.

ನಮ್ಮ ಹಳೆಯ ಗ್ರಂಥಗಳಲ್ಲಿ ಕುದುರೆಗೆ ಒಬ್ಬನೇ ಒಡೆಯ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಯ ವಿಚಾರ ವಿಸ್ತಾರವಾಗಿ ಬಂದಿದೆ. ಕುದುರೆಯ ಮೇಲೆ ಕುಳಿತು ಚೆಂಡಾಡುವ ವಿನೋದವೂ ಅದರಲ್ಲಿದೆ. ಮುಂದೆ ಅಭಿನವಚಂದ್ರನೆಂಬವನು ಅಶ್ವವೈದ್ಯವನ್ನು ಕುರಿತು ಕನ್ನಡದಲ್ಲಿಯೇ ಬರೆದ. ಅಲ್ಲೆಲ್ಲ ಕುದುರೆ ಅರಸನದು. ಅದಕ್ಕೆ ಜ್ವರ ಬಂದರೆ ಯಾರು ಕೇಳಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ. ಇಂಗ್ಲೆಂಡಿನ ಪಂದ್ಯದ ಕುದುರೆಗಳೂ ಬಹುಕಾಲ ಹಾಗೆಯೇ ಇದ್ದವು. ದೊರೆ, ಜಮೀನುದಾರ, ದೊಡ್ಡ ವ್ಯಾಪಾರಿ, ಇವರಲ್ಲಿ ಒಬ್ಬನ ಹೆಸರಿನಲ್ಲಿ, ಒಬ್ಬನ ಬಣ್ಣದ ಅಂಗಿಯಲ್ಲಿ ಕುದುರೆ ಓಡುತ್ತಿತ್ತು.

ಪಾಲುಗಾರಿಕೆ ಬಂದದ್ದು ಪಂದ್ಯದ ಮೈದಾನದಿಂದಲ್ಲ, ಬೀಜದ ಕುದುರೆಯ ಲಾಯದಿಂದ. ಗೆದ್ದ ಗಂಡುಕುದುರೆಯನ್ನು ತಳಿಗೆ ಬಿಟ್ಟರೆ ಹಿಂದಿನ ಕಾಲದಲ್ಲಿ ವರ್ಷಕ್ಕೆ ಸುಮಾರು ನಲವತ್ತು ಹೆಣ್ಣುಕುದುರೆಗಳಿಗೆ ಅದನ್ನು ಕೂಡಿಸುತ್ತಿದ್ದರು. ಆದ್ದರಿಂದ ಕುದುರೆಯ ಬೆಲೆಯನ್ನು ಮೂವತ್ತೆರಡೋ ನಲವತ್ತೋ ಪಾಲು ಮಾಡುವುದು. ಒಂದು ಪಾಲು ಕೊಂಡವನು ವರ್ಷಕ್ಕೆ ತನ್ನ ಒಂದು ಹೆಣ್ಣುಕುದುರೆಯನ್ನು ಕಳುಹಿಸಬಹುದು. ಬೇಡವಾದರೆ ಆ ಹಕ್ಕನ್ನು ಮಾರಿಕೊಳ್ಳಬಹುದು. ಕುದುರೆ ಸತ್ತರೆ ನಷ್ಟವೂ ಹಂಚಿಹೋಗುತ್ತದೆ. ನೋಡಿ, ಎಷ್ಟು ಜಾಣತನದ ಏರ್ಪಾಡು! 1925ರ ಸುಮಾರಿಗೆ ನಾಲ್ವರು ಅಮೆರಿಕದ ಧನಿಕರು ಕೂಡಿ 1,25,000 ಡಾಲರ್ ಕೊಟ್ಟು ಸರ್ ಗ್ಯಾಲಹ್ಯಾಡ್ ಎಂಬ ಕುದುರೆಯನ್ನು ಫ್ರಾನ್ಸಿನಿಂದ ತರಿಸಿಕೊಂಡರು. 1936ರಲ್ಲಿ ಮತ್ತೊಂದು ಕೂಟ ಬ್ಲೆನಿಮ್ ಎಂಬ ಕುದುರೆಯನ್ನು ಮೂರನೆಯ ಆಗಾ ಖಾನರಿಂದ ಕೊಂಡಿತು. 1930ರ ಇಂಗ್ಲೆಂಡಿನ ಡರ್ಬಿ ಗೆದ್ದಿದ್ದ ಕುದುರೆ ಅದು. 1973ರಲ್ಲಿ ಸೆಕ್ರೆಟೇರಿಯಟ್ ಎಂಬ ಕೆಂಬಣ್ಣದ ಕುದುರೆಗೆ 32 ಪಾಲು, ಪಾಲೊಂದಕ್ಕೆ 1,90,000 ಡಾಲರ್. ಒಟ್ಟು ಅರವತ್ತು ಲಕ್ಷ ಡಾಲರಿಗೂ ಮೇಲೆ. ಅದು ಇನ್ನೂ ಮೂರು ವರ್ಷದ ಕುದುರೆಗಳ ದೊಡ್ಡ ಪಂದ್ಯಗಳಲ್ಲಿ ಓಡುವ ಮುನ್ನವೇ ನಡೆದ ವ್ಯವಹಾರವಿದು. ಆ ಬೇಸಗೆಯಲ್ಲಿ ಸೆಕ್ರೆಟೇರಿಯಟ್ ಬೆಲ್ಮಾಂಟ್ ಪಂದ್ಯವನ್ನು 31 ಕುದುರೆಯುದ್ದಗಳ ಅಂತರದಿಂದ ಗೆದ್ದು ಕೊಟ್ಟವರ ಹಣವನ್ನು ಸಾರ್ಥಕಪಡಿಸಿತು.

ಗೆಲ್ಲುವ ತನಕ ಪಾಲು ಒಳ್ಳೆಯದೇ. ಕಷ್ಟ ಬಂದಾಗ ಏನಾಗುತ್ತದೆಂಬುದನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ಶೆರ್ಗರ್ ಎಂಬ ಕುದುರೆಯ ಕಥೆ.

ಬ್ಲೆನಿಮನ್ನು ಮಾರಿದ ಆಗಾ ಖಾನರ ಮೊಮ್ಮಗ, ನಾಲ್ಕನೆಯ ಆಗಾ ಖಾನರು, ಶೆರ್ಗರಿನ ಒಡೆಯರು. 1978ರಲ್ಲಿ ಹುಟ್ಟಿದ ಈ ಕುದುರೆಗೆ ಹಣೆಯಿಂದ ಮೂತಿಯವರೆಗೆ ಬಿಳಿಯ ಪಟ್ಟೆ. ಸಾಧು ಸ್ವಭಾವವೆಂದು ಪಳಗಿಸಿದವರೆಲ್ಲ ಹೇಳಿದ್ದಾರೆ. 1981ರಲ್ಲಿ ಎಪ್ಸಮ್ ಡರ್ಬಿಯನ್ನು ಹತ್ತು ಕುದುರೆಯುದ್ದಗಳ ಅಂತರದಿಂದ ಗೆದ್ದಿತು. ಆ ಪಂದ್ಯದ ಚರಿತ್ರೆಯಲ್ಲಿ ಅಷ್ಟು ದೊಡ್ಡ ಅಂತರ ಮತ್ತೊಂದಿಲ್ಲ. ಸವಾರ ವಾಲ್ಟರ್ ಸ್ವಿನ್‌ಬರ್ನ್ ಹತ್ತೊಂಬತ್ತು ವರ್ಷದ ಹುಡುಗ. ಅದೇ ವರ್ಷ ಕುದುರೆಯನ್ನು ತಳಿಗೆ ಬಿಡುವುದೆಂದಾಯಿತು. ಒಂದು ಕೋಟಿ ಪೌಂಡ್ ಬೆಲೆ ಕಟ್ಟಿ, ಎರಡೂವರೆ ಲಕ್ಷದ ನಲವತ್ತು ಪಾಲು ಮಾಡಿದರು. ಆಗಾ ಖಾನರು ಆರು ಪಾಲನ್ನು ಉಳಿಸಿಕೊಂಡು ಮಿಕ್ಕ ಮೂವತ್ತನಾಲ್ಕನ್ನು ಮಾರಿದರು. ಕುದುರೆಯನ್ನು ಐರ್ಲೆಂಡಿನ ಕಿಲ್ಡೇರ್ ಪ್ರಾಂತದ ಬ್ಯಾಲಿಮ್ಯಾನಿ ಲಾಯದಲ್ಲಿ ಕಟ್ಟಿದರು.

1983ರ ಫೆಬ್ರವರಿ 8ರ ರಾತ್ರಿ ಮುಸುಕು ಹಾಕಿದ ಬಂದೂಕುಧಾರಿಗಳು ಹಿರಿಯ ಲಾಯದಾಳಿನ ಮನೆಗೆ ನುಗ್ಗಿದರು. ಅವನ ಹೆಂಡತಿ ಮಕ್ಕಳನ್ನು ಬೆದರಿಸಿ ಕೂಡಿಸಿ, ಅವನ ಕೈಯಿಂದಲೇ ಶೆರ್ಗರನ್ನು ಬಿಚ್ಚಿಸಿ ಗಾಡಿಗೆ ಹತ್ತಿಸಿಕೊಂಡರು. ಆ ಹೊತ್ತಿಗೆ ಆ ಸೀಮೆಯಲ್ಲಿ ಕುದುರೆಗಳ ದೊಡ್ಡ ಹರಾಜಿತ್ತು. ದಾರಿಯ ಉದ್ದಕ್ಕೂ ಕುದುರೆ ಗಾಡಿಗಳು. ಯಾವುದರಲ್ಲಿ ಯಾವ ಕುದುರೆ ಎಂದು ಯಾರು ನೋಡಬೇಕು? ಲಾಯದಾಳನ್ನೂ ಕರೆದೊಯ್ದು, ಪೊಲೀಸರಿಗೆ ತಿಳಿಸಕೂಡದೆಂದು ಹೆದರಿಸಿ ದೂರದಲ್ಲೆಲ್ಲೋ ಇಳಿಸಿಹೋದರು.

ಇಲ್ಲಿಂದ ಮುಂದಿನದನ್ನು ಓದುವಾಗ ನನಗೆ ನಮ್ಮೂರಿನ ಆ ಭಾನುವಾರ ನೆನಪಾಯಿತು. ಲಾಯದಾಳು ಮೇಲ್ವಿಚಾರಕನಿಗೆ ತಿಳಿಸಿದ. ಮೇಲ್ವಿಚಾರಕ ಹೊರದೇಶದಲ್ಲಿದ್ದ ಆಗಾ ಖಾನರನ್ನು ಸಂಪರ್ಕಿಸಲು ನೋಡಿದ. ಕುದುರೆ ವೈದ್ಯನಿಗೆ ಹೇಳಿದ. ವೈದ್ಯ ತನಗೆ ಗೊತ್ತಿದ್ದ ಇನ್ನೊಬ್ಬರಿಗೆ ಹೇಳಿದ. ಅವರು ಮಂತ್ರಿಯೊಬ್ಬರವರೆಗೂ ಹೋದರು. ಪೊಲೀಸರ ಕಿವಿಗೆ ಸುದ್ದಿ ಬೀಳುವ ವೇಳೆಗೆ ಸುಮಾರು ಎಂಟು ಗಂಟೆ ಕಳೆದಿತ್ತು. ಅಷ್ಟು ಹೊತ್ತಿನಲ್ಲಿ ಆ ಸಣ್ಣ ದೇಶದ ಯಾವ ಮೂಲೆಗೆ ಬೇಕಾದರೂ ಕುದುರೆಯನ್ನು ಸಾಗಿಸಬಹುದಿತ್ತು.

ಕಳ್ಳರು ಇಪ್ಪತ್ತು ಲಕ್ಷ ಪೌಂಡ್ ಕೇಳಿದರು. ಕುದುರೆಗೆ ಆಗಾ ಖಾನರೊಬ್ಬರೇ ಒಡೆಯರು, ಅವರು ಮನಸ್ಸು ಮಾಡಿದರೆ ಒಂದು ನಿಮಿಷದ ಮಾತು ಎಂದು ಅವರು ಎಣಿಸಿದ್ದಂತೆ ತೋರುತ್ತದೆ. ಒಡೆಯರು ಮೂವತ್ತಕ್ಕೂ ಹೆಚ್ಚು ಮಂದಿ, ಹಲವು ದೇಶಗಳಲ್ಲಿ ಚದುರಿದವರು, ಒಬ್ಬರು ಹೂಂ ಎಂದರೆ ಸಾಲದು ಎಂಬುದು ಅವರಿಗೆ ತಿಳಿದಿರಲಿಲ್ಲ. ಪಾಲುದಾರರಲ್ಲಿಯೂ ಒಂದು ನ್ಯಾಯವಾದ ಭಯವಿತ್ತು: ಈ ಕುದುರೆಗೆ ಹಣ ತೆತ್ತರೆ ನಾಳೆ ಯಾವ ಲಾಯದ ಯಾವ ಕುದುರೆ ಉಳಿದೀತು? ಹಣ ಕೊಡಲಿಲ್ಲ. ನಾಲ್ಕು ದಿನಗಳೊಳಗೆ ಮಾತುಕತೆ ನಿಂತುಹೋಯಿತು. ಶೆರ್ಗರ್ ಮತ್ತೆ ಕಾಣಲಿಲ್ಲ, ಮೂಳೆಯೂ ಸಿಕ್ಕಲಿಲ್ಲ. ಐರಿಷ್ ರಿಪಬ್ಲಿಕನ್ ಸೈನ್ಯದವರ ಕೆಲಸವೆಂದು ಎಲ್ಲರ ಅನುಮಾನ. ಅವರಲ್ಲಿಯೇ ಇದ್ದು ಹೊರಬಂದವನೊಬ್ಬ ಮುಂದೆ ಪುಸ್ತಕದಲ್ಲಿ ಹಾಗೆಂದು ಬರೆದ. ಆ ಸಂಸ್ಥೆ ಮಾತ್ರ ಒಪ್ಪಿಕೊಂಡದ್ದಿಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಪಾಲುದಾರರಲ್ಲಿ ಕೆಲವರು ಕಳವಿಗೂ ವಿಮೆ ಮಾಡಿಸಿದ್ದರು. ಅವರಿಗೆ ಹಣ ಬಂತು. ಮರಣಕ್ಕೆ ಮಾತ್ರ ಮಾಡಿಸಿದ್ದವರಿಗೆ ವಿಮೆಯವರು ಕೇಳಿದ ಪ್ರಶ್ನೆ: ಸತ್ತಿದೆಯೆನ್ನುವುದಕ್ಕೆ ಗುರುತೇನು? ಹೀಗೆ ಒಂದೇ ಕುದುರೆ ಒಬ್ಬ ಪಾಲುದಾರನ ಲೆಕ್ಕದಲ್ಲಿ ಕಳುವಾದದ್ದು, ಮತ್ತೊಬ್ಬನ ಲೆಕ್ಕದಲ್ಲಿ ಸತ್ತದ್ದು, ವಿಮೆಯವರ ಲೆಕ್ಕದಲ್ಲಿ ಬಹುಶಃ ಇನ್ನೂ ಬದುಕಿದ್ದದ್ದು. ಪಾಲುದಾರರು ಹೃದಯವಿಲ್ಲದವರೆಂದು ನಾನು ಹೇಳಲಾರೆ. ಆದರೆ ಆ ಕುದುರೆಗಾಗಿ ಎದೆಯ ಮೇಲೆ ಬಂದೂಕು ಹಿಡಿಸಿಕೊಂಡವನು, ಅದರ ಹಗ್ಗ ಬಿಚ್ಚುವಾಗ ಕೈ ನಡುಗಿದವನು, ಒಂದು ಪಾಲೂ ಇಲ್ಲದ ಲಾಯದಾಳು.

ಇದು ಶ್ರೀಮಂತರ ಮಾತಾಯಿತು. ನನ್ನ ವಿದ್ಯಾರ್ಥಿಯಂಥ ಮಧ್ಯಮ ವರ್ಗದವರ ಪಾಲು ಹೇಗೆ? ಅದಕ್ಕೆ ಅಮೆರಿಕದ ನ್ಯೂಯಾರ್ಕ್ ರಾಜ್ಯಕ್ಕೆ ಹೋಗಬೇಕು. ಆಂಟಾರಿಯೊ ಸರೋವರದ ದಡದಲ್ಲಿ ಸ್ಯಾಕೆಟ್ಸ್ ಹಾರ್ಬರ್ ಎಂಬ ಪುಟ್ಟ ಊರಿದೆ. ಅಲ್ಲಿ ಒಟ್ಟಿಗೆ ಹೈಸ್ಕೂಲು ಓದಿದ ಆರು ಮಂದಿ ಗೆಳೆಯರು 1995ರಲ್ಲಿ ಹರಟುತ್ತ ಕುಳಿತಿದ್ದಾಗ ಕುದುರೆಯ ಮಾತು ಬಂತು. ತಲೆಗೆ ಐದು ಸಾವಿರ ಡಾಲರ್ ಹಾಕಿ ಒಂದು ಕುದುರೆ ಕೊಂಡರು. ಕೂಟ ಬೆಳೆದು ಹತ್ತು ಮಂದಿಯಾಯಿತು. 2002ರಲ್ಲಿ 75,000 ಡಾಲರಿಗೆ ಫನ್ನಿ ಸೈಡ್ ಎಂಬ ಕುದುರೆಯನ್ನು ತಂದರು. ಡರ್ಬಿಗೆ ಓಡುವ ಕುದುರೆಗಳ ಲೆಕ್ಕದಲ್ಲಿ ಇದು ಚಿಲ್ಲರೆ ಹಣ. ಅದು ಬೀಜ ಒಡೆದ ಕುದುರೆ. ಅಂದರೆ ಮುಂದೆ ತಳಿಗೆ ಬಿಟ್ಟು ಹಣ ಮಾಡುವ ಆಸೆಯೇ ಇಲ್ಲ. ಓಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

2003ರ ಮೇ 3ರಂದು ಈ ಗೆಳೆಯರು, ಬಂಧುಬಳಗದೊಡನೆ, ಮಕ್ಕಳು ಶಾಲೆಗೆ ಹೋಗುವಂಥ ಹಳದಿ ಬಸ್ಸಿನಲ್ಲಿ ಕುಳಿತು ಕೆಂಟಕಿ ಡರ್ಬಿಗೆ ಹೋದರು. ಕೋಟ್ಯಧೀಶರ ಮೋಟಾರುಗಳ ನಡುವೆ ಆ ಬಸ್ಸು! ಫನ್ನಿ ಸೈಡ್ ಗೆದ್ದಿತು. ಬೀಜ ಒಡೆದ ಕುದುರೆ ಆ ಪಂದ್ಯ ಗೆದ್ದದ್ದು 1929ರ ತರುವಾಯ ಅದೇ ಮೊದಲು. ನ್ಯೂಯಾರ್ಕಿನಲ್ಲಿ ಹುಟ್ಟಿದ ಕುದುರೆ ಗೆದ್ದದ್ದಂತೂ ಅದೇ ಮೊಟ್ಟಮೊದಲು. ಎರಡು ವಾರ ಕಳೆದು ಪ್ರೀಕ್‌ನೆಸ್ ಪಂದ್ಯವನ್ನು ಒಂಬತ್ತು ಮುಕ್ಕಾಲು ಕುದುರೆಯುದ್ದದಿಂದ ಗೆದ್ದಿತು. ಮೂರನೆಯದು ಬೆಲ್ಮಾಂಟ್. ಮೂರನ್ನೂ ಗೆದ್ದ ಕುದುರೆಯನ್ನು ಅಮೆರಿಕದವರು 1978ರಿಂದ ಕಂಡಿರಲಿಲ್ಲ. ಜೂನ್ 7ರಂದು, ಸುರಿವ ಮಳೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಕೆಸರಿನಲ್ಲಿ ಫನ್ನಿ ಸೈಡ್ ಮೂರನೆಯದಾಗಿ ಬಂತು.

ನನಗೆ ಮುಖ್ಯವಾಗಿ ಕಂಡದ್ದು ಆಮೇಲಿನದು. ಅದೇ ಬೇಸಗೆ, 2003ರ ಜುಲೈಯಲ್ಲಿ, ಪತ್ರಿಕೆಯೊಂದರಲ್ಲಿ ಒಂದು ಸುದ್ದಿ ಬಂತು. 1986ರ ಕೆಂಟಕಿ ಡರ್ಬಿ ಗೆದ್ದಿದ್ದ ಫರ್ಡಿನಾಂಡ್ ಎಂಬ ಕುದುರೆಯನ್ನು 1994ರಲ್ಲಿ ಜಪಾನಿಗೆ ತಳಿಗೆಂದು ಮಾರಿದ್ದರು. ತಳಿ ಚೆನ್ನಾಗಿ ಬರಲಿಲ್ಲ. ಕೈಯಿಂದ ಕೈ ಬದಲಾಗುತ್ತ ಹೋಯಿತು. 2002ರಲ್ಲಿ ಅದು ಕಸಾಯಿಖಾನೆ ಸೇರಿತ್ತು. ಎಲ್ಲ ಪತ್ರಿಕೆಗಳಲ್ಲೂ ಚಿತ್ರ ಅಚ್ಚಾಗಿದ್ದ ಕುದುರೆ, ಕೊನೆಗೆ ಅದು ಯಾವ ದಿನ ಸತ್ತಿತೆಂಬುದೂ ಯಾರಿಗೂ ತಿಳಿಯದಂತೆ ಹೋಯಿತು. ಅದರ ಕೊನೆಯ ದಾರಿಯಲ್ಲಿ ಒಡೆಯರಿರಲಿಲ್ಲವೆಂದಲ್ಲ; ಒಬ್ಬರಾದ ಮೇಲೆ ಒಬ್ಬರು ಇದ್ದರು. ಹಿಂದಿನವನು ಮುಂದಿನವನು ನೋಡಿಕೊಳ್ಳುತ್ತಾನೆಂದುಕೊಂಡ. ಏಕಕಾಲದಲ್ಲಿ ಹತ್ತು ಜನ ಒಡೆಯರಿದ್ದರೂ, ಹತ್ತು ವರ್ಷದಲ್ಲಿ ಒಬ್ಬರ ಹಿಂದೆ ಒಬ್ಬರು ಹಲವರಿದ್ದರೂ, ಅಪಾಯ ಒಂದೇ.

ಈ ಸುದ್ದಿಯಿಂದ ಅಮೆರಿಕದ ಪಂದ್ಯಲೋಕಕ್ಕೆ ನಾಚಿಕೆಯಾಯಿತು. ಓಟ ಮುಗಿಸಿದ ಕುದುರೆಯ ಮುಂದಿನ ಬಾಳೇನು ಎಂಬ ಪ್ರಶ್ನೆ ಎಲ್ಲರ ಬಾಯಿಗೂ ಬಂತು. 2012ರಲ್ಲಿ ಅಂಥ ಕುದುರೆಗಳ ಪಾಲನಾ ಕೇಂದ್ರಗಳನ್ನು ಪರೀಕ್ಷಿಸಿ ಧನಸಹಾಯ ಕೊಡುವ ಒಂದು ಒಕ್ಕೂಟವೇ ಹುಟ್ಟಿತು. ಫನ್ನಿ ಸೈಡ್ ಮಾತ್ರ ಬೇರೆ ದಾರಿ ಹಿಡಿಯಿತು. 2007ರವರೆಗೆ ಓಡಿ, ಮೂವತ್ತೆಂಟು ಪಂದ್ಯಗಳಲ್ಲಿ ಹನ್ನೊಂದನ್ನು ಗೆದ್ದು ಮೂವತ್ತೈದು ಲಕ್ಷ ಡಾಲರಿಗೂ ಹೆಚ್ಚು ಗಳಿಸಿ ನಿವೃತ್ತವಾಯಿತು. ಕೆಲಕಾಲ ತನ್ನ ತರಬೇತುಗಾರನ ಲಾಯದಲ್ಲಿಯೇ ಎಳೆಯ ಕುದುರೆಗಳಿಗೆ ಜೊತೆಯಾಗಿ ಮೈದಾನಕ್ಕೆ ಹೋಗಿಬರುವ ಕೆಲಸ ಮಾಡಿತು. ನಮ್ಮ ಕಾಲೇಜುಗಳಲ್ಲಿ ನಿವೃತ್ತ ಪ್ರೊಫೆಸರರು ಹೊಸಬರಿಗೆ ಬುದ್ಧಿ ಹೇಳಿಕೊಂಡು ಓಡಾಡುವಂತೆ. 2008ರ ಕೊನೆಯಲ್ಲಿ ಅದನ್ನು ಕೆಂಟಕಿಯ ಕುದುರೆ ಉದ್ಯಾನಕ್ಕೆ ಸೇರಿಸಿದರು. ಹದಿನೈದು ವರ್ಷ ಜನ ಹೋಗಿ ನೋಡಿ ಮೈದಡವಿ ಬಂದರು. 2023ರ ಜುಲೈ 16ರಂದು, ಇಪ್ಪತ್ತಮೂರರ ಪ್ರಾಯದಲ್ಲಿ, ಹೊಟ್ಟೆಶೂಲೆಯಿಂದ ತೀರಿಕೊಂಡಿತು. ಅದೂ ಹೊಟ್ಟೆಯ ಬೇನೆಯೇ. ಆದರೆ ಆ ಕುದುರೆಗೆ ಆರೈಕೆಯಿತ್ತು.

ಇನ್ನು ಬಡವರ ಪಾಲು. ಇದು ನನಗೆ ಎಲ್ಲಕ್ಕಿಂತ ಹಿಡಿಸಿದ ಕಥೆ.

ಬ್ರಿಟನ್ನಿನ ವೇಲ್ಸ್ ಸೀಮೆಯ ದಕ್ಷಿಣ ಕಣಿವೆಗಳು ಕಲ್ಲಿದ್ದಲ ಗಣಿಗಳ ನಾಡು. 1984-85ರ ಮಹಾಮುಷ್ಕರ ಸೋತ ಮೇಲೆ ಒಂದೊಂದಾಗಿ ಗಣಿಗಳು ಮುಚ್ಚಿದವು. ಉಳಿದದ್ದು ಗಣಿಯಿಂದ ತೆಗೆದುಹಾಕಿದ ಕರಿಮಣ್ಣಿನ ದಿಬ್ಬಗಳು, ಕೆಲಸವಿಲ್ಲದ ಜನ. 2001ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲಿನ ಊರನ್ನು, ಅಲ್ಲಿನ ಸೈನೈಡ್ ಗುಡ್ಡಗಳನ್ನು ನೋಡಿದವರು ಈ ಚಿತ್ರವನ್ನು ಸುಲಭವಾಗಿ ಊಹಿಸಿಕೊಂಡಾರು. ಅಂಥ ಒಂದು ಊರು ಕೆವೆನ್ ಫಾರೆಸ್ಟ್. ಅಲ್ಲಿ ಜ್ಯಾನ್ ವೋಕ್ಸ್ ಎಂಬ ಹೆಂಗಸು ಬೆಳಗ್ಗೆ ಅಂಗಡಿಯಲ್ಲಿ ನೆಲ ಒರೆಸುತ್ತ, ಸಂಜೆ ಕೂಲಿಕಾರರ ಕ್ಲಬ್ಬಿನಲ್ಲಿ ಪಾನೀಯ ಹಂಚುತ್ತ ಸಂಸಾರ ನಡೆಸುತ್ತಿದ್ದಳು. ಹಿಂದೆ ಪಂದ್ಯದ ಪಾರಿವಾಳ, ಓಟದ ನಾಯಿ ಸಾಕಿ ಗೆದ್ದವಳು. ಒಂದು ದಿನ ಕ್ಲಬ್ಬಿನಲ್ಲಿ ತೆರಿಗೆ ಲೆಕ್ಕ ಬರೆಯುವ ಗೃಹಸ್ಥರೊಬ್ಬರು ತಾವು ಹಿಂದೆ ಕುದುರೆಯ ಪಾಲಿನಲ್ಲಿ ಕೈ ಸುಟ್ಟುಕೊಂಡ ಕಥೆ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು. ಕೇಳಿದವರಿಗೆ ಬುದ್ಧಿ ಬರಬೇಕಾದ ಕಥೆ. ಇವಳಿಗೆ ಆಸೆ ಬಂತು.

ಗಂಡನೊಡನೆ ಹೋಗಿ ಮುನ್ನೂರು ಚಿಲ್ಲರೆ ಪೌಂಡಿಗೆ ರ್‍ಯೂಬೆಲ್ ಎಂಬ, ಹೆಸರು ಮಾಡದ ಹೆಣ್ಣುಕುದುರೆಯೊಂದನ್ನು ತಂದಳು. ಅದಕ್ಕೆ 2001ರಲ್ಲಿ ಒಂದು ಗಂಡುಮರಿಯಾಯಿತು. ಗಣಿಮಣ್ಣಿನ ದಿಬ್ಬದ ಮೇಲಿದ್ದ ಕೈತೋಟದಲ್ಲಿಯೇ ಮರಿ ಬೆಳೆಯಿತು. ತರಬೇತಿಗೆ ಕಳುಹಿಸಲು ಹಣವೆಲ್ಲಿ? ಊರಿನವರನ್ನು ಕೂಡಿಸಿದಳು. ಇಪ್ಪತ್ತಮೂರು ಮಂದಿ ಸೇರಿದರು. ವಾರಕ್ಕೆ ತಲೆಗೆ ಹತ್ತು ಪೌಂಡ್, ನಮ್ಮಲ್ಲಿ ಚೀಟಿ ಕಟ್ಟುವಂತೆಯೇ. ಮರಿಗೆ ಡ್ರೀಮ್ ಅಲಯನ್ಸ್ ಎಂದು ಹೆಸರಿಟ್ಟರು. ಕನಸಿನ ಕೂಟ ಎಂದರ್ಥ.

ಫಿಲಿಪ್ ಹಾಬ್ಸ್ ಎಂಬ ಹೆಸರಾಂತ ತರಬೇತುಗಾರ ಕುದುರೆಯನ್ನು ಒಪ್ಪಿಕೊಂಡ. 2004ರ ನವೆಂಬರಿನಲ್ಲಿ ಮೊದಲ ಓಟ, ನಾಲ್ಕನೆಯದಾಗಿ ಬಂತು. ಬೇಲಿ ಹಾರುವ ಪಂದ್ಯಗಳಲ್ಲಿ ಮೆಲ್ಲಮೆಲ್ಲನೆ ಹೆಸರು ಗಳಿಸಿ, 2007ರ ಡಿಸೆಂಬರಿನಲ್ಲಿ ನ್ಯೂಬರಿಯ ಹೆನೆಸಿ ಪಂದ್ಯದಲ್ಲಿ ಡೆನ್ಮನ್ ಎಂಬ ಮಹಾಶ್ವದ ಹಿಂದೆ ಎರಡನೆಯದಾಯಿತು. ಮುಂದಿನ ವರ್ಷ ಏಂಟ್ರೀ ಮೈದಾನದಲ್ಲಿ ಕಾಲಿನ ಸ್ನಾಯುರಜ್ಜು ಹರಿದುಹೋಯಿತು. ಬೇಲಿ ಹಾರುವ ಕುದುರೆಗಳಿಗೆ ಇಂಥ ಗಾಯವಾದರೆ ಸುತ್ತ ಪರದೆ ಹಿಡಿದು ಅಲ್ಲಿಯೇ ಕೊನೆಗಾಣಿಸುವುದು ಅಪರೂಪವಲ್ಲ. ಅದೃಷ್ಟಕ್ಕೆ ಹಾಗಾಗಲಿಲ್ಲ. ವೈದ್ಯರು ಒಂದು ಹೊಸ ದಾರಿ ಹೇಳಿದರು. ಕುದುರೆಯ ಮೂಳೆಯೊಳಗಿನ ನೆಣದಿಂದಲೇ ಆಕರಕೋಶಗಳನ್ನು ತೆಗೆದು, ಪ್ರಯೋಗಶಾಲೆಯಲ್ಲಿ ಬೆಳೆಸಿ, ಹರಿದ ಜಾಗಕ್ಕೆ ಚುಚ್ಚುವುದು. ಖರ್ಚು ಸುಮಾರು ಇಪ್ಪತ್ತು ಸಾವಿರ ಪೌಂಡ್. ಮತ್ತೆ ಓಡುತ್ತದೆಂಬ ಭರವಸೆಯಿಲ್ಲ.

ಇಪ್ಪತ್ತಮೂರು ಮಂದಿಯೂ ಕೂಲಿನಾಲಿ ಮಾಡುವವರು, ಪಿಂಚಣಿದಾರರು. ಕುದುರೆ ಗಳಿಸಿದ ಬಹುಮಾನದ ಹಣ ಕೂಟದ ಕೈಯಲ್ಲಿತ್ತು. ಹಂಚಿಕೊಂಡು ಮನೆಗೆ ಹೋಗಬಹುದಿತ್ತು, ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆ ಹಣ ಕುದುರೆಯದು, ಅದರ ಕಾಲಿಗೇ ಹೋಗಲಿ ಎಂದು ತೀರ್ಮಾನ ಮಾಡಿದರು. ಶೆರ್ಗರಿನ ಪಾಲುದಾರರ ತೀರ್ಮಾನದ ಪಕ್ಕದಲ್ಲಿ ಇದನ್ನಿಟ್ಟು ನೋಡಬಾರದು. ಅಲ್ಲಿ ಎದುರಿಗಿದ್ದವರು ಬಂದೂಕಿನವರು. ಆದರೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ವೇಲ್ಸಿನವರು ಒಂದೇ ಊರಿನಲ್ಲಿದ್ದರು. ಆ ಕುದುರೆ ಮರಿಯಾಗಿದ್ದಾಗ ಅದಕ್ಕೆ ಹುಲ್ಲು ಹಾಕಿದವರಿದ್ದರು. ಪ್ರತಿಯೊಬ್ಬನೂ ತನ್ನದು ಇಪ್ಪತ್ತಮೂರರಲ್ಲೊಂದು ಎಂದುಕೊಳ್ಳದೆ, ಇಡೀ ಕುದುರೆ ತನ್ನದೆಂದುಕೊಂಡ.

ಒಂದು ವರ್ಷಕ್ಕೂ ಹೆಚ್ಚು ಕಾಲ ಶುಶ್ರೂಷೆ ನಡೆಯಿತು. 2009ರ ಡಿಸೆಂಬರ್ 28ರಂದು ಡ್ರೀಮ್ ಅಲಯನ್ಸ್ ಚೆಪ್‌ಸ್ಟೋ ಮೈದಾನದಲ್ಲಿ, ಮೂರೂವರೆ ಮೈಲಿಗೂ ಮೀರಿದ ವೆಲ್ಷ್ ಗ್ರ್ಯಾಂಡ್ ನ್ಯಾಷನಲ್ ಪಂದ್ಯವನ್ನು ಗೆದ್ದಿತು. ಒಂದಕ್ಕೆ ಇಪ್ಪತ್ತರ ಬಾಜಿಯಿದ್ದ ಕುದುರೆ, ಸವಾರ ಟಾಮ್ ಓಬ್ರೈನ್. ಆ ಸಂಜೆ ಆ ಕಣಿವೆಯಲ್ಲಿ ಯಾರೂ ನಿದ್ದೆ ಮಾಡಿರಲಾರರು. 2015ರಲ್ಲಿ ಈ ಕಥೆ 'ಡಾರ್ಕ್ ಹಾರ್ಸ್' ಎಂಬ ಸಾಕ್ಷ್ಯಚಿತ್ರವಾಯಿತು. 2020ರಲ್ಲಿ ಕಥಾಚಿತ್ರವೂ ಬಂತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸೊಗಸಾಗಿರುತ್ತದೆ. ಆದರೆ ಚರಿತ್ರೆ ಬರೆಯುವವನು ಸೊಗಸಾದೆಡೆ ನಿಲ್ಲಿಸಕೂಡದು. 2010ರ ಏಪ್ರಿಲಿನಲ್ಲಿ ಅದೇ ಕುದುರೆಯನ್ನು ಏಂಟ್ರೀಯ ಗ್ರ್ಯಾಂಡ್ ನ್ಯಾಷನಲ್ಲಿಗೆ ಕರೆದೊಯ್ದರು. ನಲವತ್ತು ಕುದುರೆ, ಮೂವತ್ತು ಬೇಲಿ, ನಾಲ್ಕೂವರೆ ಮೈಲಿ. ಜಗತ್ತಿನ ಅತಿ ಕಷ್ಟದ ಪಂದ್ಯಗಳಲ್ಲಿ ಒಂದು. ಕುದುರೆಗಳು ಸತ್ತ ಪಂದ್ಯ. ಡ್ರೀಮ್ ಅಲಯನ್ಸ್ ಅರ್ಧದಲ್ಲಿ ಬಸವಳಿಯಿತು, ಸವಾರ ನಿಲ್ಲಿಸಿಬಿಟ್ಟ. ಪರೀಕ್ಷಿಸಿದಾಗ ಶ್ವಾಸಕೋಶದಲ್ಲಿ ತೊಂದರೆ ಕಂಡುಬಂತು. 2012ರಲ್ಲಿ ನಿವೃತ್ತಿ ಕೊಟ್ಟರು. ಕೂಡಿಸಿ ಕಳೆದು ನೋಡಿದಾಗ ಪಾಲುದಾರರಿಗೆ ತಲೆಗೆ ಸುಮಾರು 1,430 ಪೌಂಡ್ ಉಳಿದಿತ್ತಂತೆ. ಅಷ್ಟು ವರ್ಷ ವಾರಕ್ಕೆ ಹತ್ತರಂತೆ ಕಟ್ಟಿದ್ದಕ್ಕೆ ಅದೇನೂ ದೊಡ್ಡ ಲಾಭವಲ್ಲ. ಅವರು ಅದನ್ನು ಕೊರತೆಯೆಂದು ಎಣಿಸಿದಂತೆಯೂ ಇಲ್ಲ.

ಅಷ್ಟು ಪ್ರೀತಿಯಿಂದ ಕಾಲು ಕೂಡಿಸಿದವರು ಮತ್ತೆ ಅದನ್ನು ಬೇಲಿಯ ಮೇಲೆ ಹಾರಿಸಿದ್ದು ಸರಿಯೇ? ನಾನು ಈ ಪ್ರಶ್ನೆಯನ್ನು ಬಹಳ ದಿನ ಮನಸ್ಸಿನಲ್ಲಿ ತಿರುವಿಹಾಕಿದೆ. ಕುದುರೆಗೆ ಓಡುವುದೇ ಸಂತೋಷವೆಂದು ಜ್ಯಾನ್ ವೋಕ್ಸಳಂಥವರು ಹೇಳುತ್ತಾರೆ, ಹಾಗೂ ಇದ್ದೀತು. ಆದರೆ ಕುದುರೆ ಬಾಯಿಬಿಟ್ಟು ಹೇಳಿದ್ದಲ್ಲ. ಗದ್ದೆಯಲ್ಲಿ ಎತ್ತು ಕೂಡ ಎಂದೂ ಬೇಡವೆಂದು ಹೇಳಲಿಲ್ಲ. ಪ್ರೀತಿಯಿದ್ದರೂ ದುಡಿಸಿಕೊಳ್ಳುತ್ತೇವೆ, ದುಡಿಸಿಕೊಂಡರೂ ಪ್ರೀತಿ ಸುಳ್ಳಲ್ಲ. ಈ ಎರಡನ್ನೂ ಒಪ್ಪಿಕೊಂಡವನು ಮಾತ್ರ ಪ್ರಾಣಿಯನ್ನು ಸಾಕಬಹುದೆಂದು ತೋರುತ್ತದೆ. ಒಪ್ಪಿಕೊಂಡ ಮೇಲೆ ಸಾಲ ಉಳಿಯುತ್ತದೆ; ಅದನ್ನು ಅದರ ಮುದಿತನದಲ್ಲಿ ತೀರಿಸಬೇಕು.

ರಜೆ ಮುಗಿಯುವ ಮುನ್ನ ವಿದ್ಯಾರ್ಥಿ ಫೋನ್ ಮಾಡಿದ. "ಏನು ಸಾರ್, ಯೋಚನೆ ಮಾಡಿದಿರಾ?" ಎಂದ. ಈ ಮೂರು ಕಥೆಗಳನ್ನೂ ಹೇಳಿದೆ. ಪಾಲು ಬೇಡವೆಂದು ನಾನು ಹೇಳಲಿಲ್ಲ. ಒಬ್ಬರ ಕೈಲಾಗದ್ದು ಹತ್ತು ಮಂದಿಯ ಕೈಲಾಗುತ್ತದೆ. ಗಣಿದಿಬ್ಬದ ಮೇಲಿನ ಮರಿ ಇಪ್ಪತ್ತಮೂರು ಮಂದಿಯಿಲ್ಲದಿದ್ದರೆ ಮೈದಾನ ಕಾಣುತ್ತಿರಲಿಲ್ಲ. "ನಿಮ್ಮ ಕರಾರುಪತ್ರದಲ್ಲಿ ಗೆದ್ದರೆ ಯಾರಿಗೆಷ್ಟು ಎಂದು ಬರೆದಿದ್ದೀರಲ್ಲ, ಅದರ ಕೆಳಗೆ ಇನ್ನೆರಡು ವಿಷಯ ಬರೆಯಿರಪ್ಪ" ಎಂದೆ. "ನಡುರಾತ್ರಿ ಕುದುರೆಗೆ ಬೇನೆ ಬಂದರೆ ಲಾಯದವನು ಯಾರ ಮನೆಗೆ ಫೋನ್ ಮಾಡಬೇಕು? ಒಬ್ಬರ ಹೆಸರು. ಇನ್ನೊಂದು, ಆರೇಳು ವರ್ಷಕ್ಕೆ ಅದರ ಓಟ ಮುಗಿದೀತು. ಕುದುರೆ ಇಪ್ಪತ್ತೈದು ವರ್ಷವೂ ಬದುಕಬಹುದು. ಅದಕ್ಕೆ ಹದಿನೈದು ವರ್ಷವಾದಾಗ ಎಲ್ಲಿ ಮೇಯುತ್ತಿರುತ್ತದೆ, ಹುಲ್ಲಿಗೆ ಯಾರ ಹಣ?"

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಅದನ್ನು ನಾವು ಮಾತೇ ಆಡಿಲ್ಲ ಸಾರ್" ಎಂದ. ಮಾತಾಡಿ ಕೊಳ್ಳುತ್ತಾರೋ, ಕೊಳ್ಳುವುದನ್ನೇ ಬಿಡುತ್ತಾರೋ, ಅದು ಅವರಿಗೆ ಬಿಟ್ಟದ್ದು.

ನಮ್ಮ ತಂದೆ ಕೊನೆಯ ದಿನಗಳಲ್ಲಿಯೂ ಕೆಂದನ ಮಾತು ಬಂದರೆ ಸುಮ್ಮನಾಗಿಬಿಡುತ್ತಿದ್ದರು. ಒಮ್ಮೆ ಮಾತ್ರ ತಾವಾಗಿಯೇ ಹೇಳಿದರು. ಡಾಕ್ಟರು ಬರುವ ತನಕ ಎತ್ತಿಗೆ ಎಣ್ಣೆ ಕುಡಿಸಿ ನೋಡಬಹುದಾಗಿತ್ತು. ಕುಡಿಸುವ ಬಿದಿರಿನ ಗೊಟ್ಟ ಹಿಸ್ಸೆಯ ಕಾಲದಲ್ಲಿ ಎರಡಿದ್ದವಂತೆ. ಅವನ್ನೂ ಸಮನಾಗಿ ಹಂಚಿದ್ದರು. ಆ ರಾತ್ರಿ ಎರಡು ಮನೆಯ ಗೋಡೆಯ ಮೇಲೂ ಒಂದೊಂದು ಗೊಟ್ಟ ನೇತಾಡುತ್ತಿತ್ತು. ಎಣ್ಣೆಯೂ ಎರಡು ಮನೆಯಲ್ಲಿಯೂ ಇತ್ತು.